ರೈಲುಮಾವನ ನೀಲಿ ನೀರು

ನಮ್ಮ ಮಾವ ಮಳೆ ಬರುತ್ತಿದೆ ಎಂದರೆ ಅಮ್ಮ ಕಿಟಕಿಯಿಂದ ಕೈ ಹೊರಗೆ ಚಾಚಿ ನೋಡುತ್ತಾಳೆ. ಮಾಡಿನ ಮೇಲೆ ಸದ್ದು ಕೇಳುತ್ತಿರಲಿ, ಮಾವನ ತಲೆಯಿಂದಲೇ ನೀರು ಇಳಿಯುತ್ತಿರಲಿ, ತನ್ನ ಅಂಗೈ ಒದ್ದೆಯಾಗದೆ ಅವಳು ನಂಬುವವಳಲ್ಲ. ಇದರಲ್ಲಿ ಅವಳ ತಪ್ಪೇನೂ ಇಲ್ಲ. ಅವನ ಸುಳ್ಳು ಕೇಳಲು ನಾವೆಲ್ಲ ಆಮೇಲೆ ಬಂದವರು. ತಂಗಿಯಾಗಿ ಹುಟ್ಟಿದ ತಪ್ಪಿಗೆ ಅವಳು ಮೊದಲಿನಿಂದ ಕೇಳಿದವಳು. ಚಿಕ್ಕಂದಿನಲ್ಲಿ ಅವಳಿಗೆ, ಅಪ್ಪ ಕುಂಬಳಕಾಯಿ ಕೊಂಡಾಗ ನೀನು ಕೊಸರಿಗೆ ಬಂದವಳು ಎಂದು ಹೇಳಿದ್ದನಂತೆ. ಅವಳು ಅಳುತ್ತ ಹೋಗಿ ಕುಂಬಳಕಾಯಿ ಮಾರುವವಳ ಕಾಲು ತಬ್ಬಿಕೊಂಡು ಅಮ್ಮಾ ಎಂದಳಂತೆ. ಅಂದಿನಿಂದ ಅವಳಿಗೆ ಅಣ್ಣನ ಮೇಲೂ ಕುಂಬಳಕಾಯಿಯ ಮೇಲೂ ಒಂದೇ ಬಗೆಯ ಅಸಮಾಧಾನ.

ಊರಿನವರು ಅವನನ್ನು ರೈಲುಮಾವ ಎನ್ನುತ್ತಾರೆ. ನಮ್ಮೂರಿಗೆ ರೈಲು ಬಂದಿಲ್ಲ, ಹಳಿಯೂ ಇಲ್ಲ. ದಿನಕ್ಕಿಷ್ಟು ರೈಲು ಬಿಟ್ಟು ಆ ಕೊರತೆಯನ್ನು ಮಾವ ಒಬ್ಬನೇ ನೀಗಿಸಿದ್ದಾನೆ. ಅತ್ತೆಗೆ ಎಡಗಿವಿ ಕೇಳಿಸುವುದಿಲ್ಲ. ಮದುವೆಯಾದ ಹೊಸದರಲ್ಲೇ ಅವಳು ಬುದ್ಧಿವಂತಿಕೆಯಿಂದ, ಬೆಂಚಾಗಲಿ ಬಸ್ಸಾಗಲಿ, ಗಂಡನ ಬಲಗಡೆಗೆ ಕೂರುವ ಅಭ್ಯಾಸ ಮಾಡಿಕೊಂಡಳು. ಅವರ ಸಂಸಾರದಲ್ಲಿ ಜಗಳವಾದದ್ದನ್ನು ಯಾರೂ ಕಂಡಿಲ್ಲ.

ಮಾವ ಮೊದಲು ಬಟ್ಟೆ ಅಂಗಡಿಯಲ್ಲಿ ಇದ್ದ. ಬಣ್ಣ ಬಿಡೋದಿಲ್ಲ, ನಾನು ಗ್ಯಾರಂಟಿ ಎಂದು ಮಾರಿದ ಕೆಂಪು ಬಟ್ಟೆಯಿಂದ ಅರ್ಧ ಊರಿನ ಬನಿಯನ್ನುಗಳು ಗುಲಾಬಿಯಾದವು. ಅಲ್ಲಿಂದ ಓಡಿಸಿದ ಮೇಲೆ ಬಸ್‌ ನಿಲ್ದಾಣದಲ್ಲಿ ಮೈಕು ಹಿಡಿದು ಬಸ್ಸುಗಳ ಹೆಸರು ಕೂಗುವ ಕೆಲಸ ಸಿಕ್ಕಿತು. ಕಾಯುವವರಿಗೆ ಬೇಸರವಾಗಬಾರದು ಎಂಬ ಒಳ್ಳೆಯ ಮನಸ್ಸಿನಿಂದ ಅವನು ಬಾರದ ಬಸ್ಸುಗಳೂ ಬರುತ್ತಿವೆ ಎಂದು ಕೂಗಿದ. ಆ ಮೈಕು ಅವನ ಕೈಯಲ್ಲಿ ಬಹಳ ದಿನ ಉಳಿಯಲಿಲ್ಲ. ಕೊನೆಗೆ, ಸುಳ್ಳು ಹೇಳುವುದೇ ಅರ್ಹತೆಯಾಗಿರುವ ಕೆಲಸವೊಂದು ಅವನನ್ನು ಹುಡುಕಿಕೊಂಡು ಬಂತು. ಗುಹೆ ತೋರಿಸುವ ಗೈಡು.

ಊರ ಹಿಂದಿನದು ಸುಣ್ಣಕಲ್ಲಿನ ಗುಡ್ಡ. ಹೊರಗಿನಿಂದ ಗಟ್ಟಿಮುಟ್ಟಾಗಿ ಕಂಡರೂ ಒಳಗೆಲ್ಲ ಹುಳುಕು ಹಲ್ಲಿನ ಹಾಗೆ ಪೊಳ್ಳು. ಗುಹೆಯ ಬಾಯಿಗೆ ಕಬ್ಬಿಣದ ಗೇಟು, ಒಳಕ್ಕಿಳಿಯಲು ಮೆಟ್ಟಿಲು, ಅಲ್ಲಲ್ಲಿ ತೇವ ಹಿಡಿದ ಬಲ್ಬು. ಕೈಯಲ್ಲಿ ಟಾರ್ಚು, ಸೊಂಟದಲ್ಲಿ ದಾರ ಕಟ್ಟಿದ ಒಂದು ಸ್ಟೀಲು ಲೋಟ, ಇಷ್ಟೇ ಮಾವನ ಸಲಕರಣೆ. ಉಳಿದದ್ದೆಲ್ಲ ಬಾಯಿ. ಮುಖ ತಿರುಗಿಸಿ ನಿಂತ ಎರಡು ಕಂಬಗಳು ಅತ್ತೆ ಮತ್ತು ಸೊಸೆ; 'ಕಲ್ಲಾದ್ರೂ ಮಾತು ಬಿಟ್ಟಿರೋದು ಹಾಗೇ ಇದೆ ನೋಡಿ.' ಅಧಿಕಾರಿಗಳು ಬಂದ ದಿನ ಒಂದರ ಮೇಲೊಂದು ಕೂತ ಚಪ್ಪಟೆ ಕಲ್ಲುಗಳು ಸಹಿಯಾಗದೆ ಉಳಿದ ಕಡತಗಳಾಗುತ್ತಿದ್ದವು. ಅವೇ ಕಲ್ಲುಗಳು ಮಕ್ಕಳು ಬಂದ ದಿನ ಬಿಸ್ಕತ್ತು.

ಎಲ್ಲಕ್ಕಿಂತ ಒಳಗೆ, ಗುಹೆ ಮುಗಿಯುವಲ್ಲಿ, ಒಂದು ಕಲ್ಲುಬಾನಿ. ಮೇಲಿನ ಚಾವಣಿಯಿಂದ ಅದಕ್ಕೆ ಹನಿಹನಿಯಾಗಿ ನೀರು ಬೀಳುತ್ತದೆ. ಅಲ್ಲಿಗೆ ಬಂದಾಗ ಮಾವ ದನಿ ತಗ್ಗಿಸುತ್ತಿದ್ದ.

"ಈ ನೀರು ಕಲ್ಲಿನೊಳಗೆ ಸೋಸಿ ಸೋಸಿ ಇಳಿಯೋಕೆ ನೂರು ವರ್ಷ ಬೇಕು. ನೀವೀಗ ಕುಡಿಯೋದು ನಿಮ್ಮ ಮುತ್ತಜ್ಜಿ ತಲೆ ಮೇಲೆ ಬಿದ್ದ ಮಳೆ. ಇದಕ್ಕಿಂತ ಶುದ್ಧವಾದ ನೀರು ಎಲ್ಲಾದ್ರೂ ಇದ್ರೆ ತೋರಿಸಿ, ನಾನು ಕೆಲಸ ಬಿಡ್ತೀನಿ."

ಹೀಗೆಂದು ಮೊದಲ ಲೋಟ ತಾನೇ ಗಟಗಟ ಕುಡಿದು, ಆಮೇಲೆ ಬಂದವರಿಗೆಲ್ಲ ಕುಡಿಸುತ್ತಿದ್ದ. ಸಾವಿರಾರು ಜನಕ್ಕೆ ಕುಡಿಸಿದ್ದಾನೆ. ಈ ಮಾತು ಅವನಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಅವನು ಹೇಳಿದ ಸುಳ್ಳುಗಳಲ್ಲಿ ಸ್ವತಃ ಅವನೇ ನಂಬಿದ್ದು ಇದೊಂದನ್ನೇ.

ಇನ್ನು ಅವನ ಜೀವಮಾನದ ಸಾಧನೆಯ ವಿಷಯ. ಅದೊಂದು ಕಕ್ಕಸು. ಗುಡ್ಡದ ಮೇಲೆ ಟಿಕೆಟ್ಟು ಕೊಡುವ ಜಾಗದ ಹತ್ತಿರ ಬಂದವರಿಗೆ, ಅದರಲ್ಲೂ ಹೆಂಗಸರಿಗೆ, ಕಕ್ಕಸು ಇರಲಿಲ್ಲ. ಮಾವ ಗುಹೆ ಸಮಿತಿಯ ಬೆನ್ನು ಬಿದ್ದು, ಅಧ್ಯಕ್ಷರು ಊಟಕ್ಕೆ ಕೂತಾಗಲೂ ಎದುರು ನಿಂತು ಅದೇ ಮಾತೆತ್ತಿ, ಅವರ ಊಟ ಸೇರದಂತೆ ಮಾಡಿ, ಅಂತೂ ಕಟ್ಟಿಸಿದ. ಇದು ನಿಜವಾಗಿ ಅವನು ಮಾಡಿದ ಒಳ್ಳೆಯ ಕೆಲಸ. ಎಲ್ಲಿ ಕಟ್ಟಿಸುವುದು ಎನ್ನುವಾಗ ಮಾತ್ರ, ಒಂದು ಮರದ ನೆರಳು ಚೆನ್ನಾಗಿದೆ ಎಂದು ಅಲ್ಲೇ ಗುಂಡಿ ತೋಡಿಸಿದ. ತೋಡಿದಾಗ ತಳದಲ್ಲಿ ಒಂದು ಸೀಳು ಸಿಕ್ಕಿತು. ಗಾರೆ ಮೇಸ್ತ್ರಿ ಒಂದು ಕೊಡ ನೀರು ತಂದು ಸುರಿದ. ಗುಡ್ಡ ಅದನ್ನು ಗುಟುಕ್ ಎಂದು ನುಂಗಿತು. ಇನ್ನೊಂದು ಕೊಡ ಸುರಿದ. ಅದನ್ನೂ ನುಂಗಿತು. ಮೇಸ್ತ್ರಿಯೂ ಮಾವನೂ ಕೈಕೈ ಕುಲುಕಿದರಂತೆ.

ಈ ಗುಟುಕಿನ ಮಹಿಮೆ ಹೊರಗಿನವರಿಗೆ ತಿಳಿಯುವುದಿಲ್ಲ. ನಮ್ಮೂರಿನಲ್ಲಿ ಮನೆ ಕೊಳ್ಳುವವರು ಗೋಡೆ, ಮಾಡು ನೋಡುವ ಮೊದಲು ಕಕ್ಕಸಿನ ಗುಂಡಿಗೆ ಒಂದು ಕೊಡ ನೀರು ಸುರಿದು ಕಿವಿಗೊಟ್ಟು ಕೇಳುತ್ತಿದ್ದರು. ಗುಟುಕ್ ಎಂದರೆ ವ್ಯಾಪಾರ ಕುದುರಿತು. ಸದ್ದಿಲ್ಲದೆ ನೀರು ನಿಂತರೆ, ಮನೆಗೆ ಅರಮನೆಯ ಬಾಗಿಲಿದ್ದರೂ ಕೇಳುವವರಿಲ್ಲ. ತುಂಬುವ ಗುಂಡಿ ಇರುವುದು ಮನೆತನಕ್ಕೇ ಅವಮಾನ. ಮೇಸ್ತ್ರಿಗೆ ಇಟ್ಟಿಗೆ ಕೂರಿಸುವುದಕ್ಕಿಂತ ಸೀಳು ಹುಡುಕುವುದರಲ್ಲೇ ಹೆಚ್ಚು ಹೆಸರಿತ್ತು. ಹೀಗಿರುವಾಗ ಮಾವನ ಗುಂಡಿ ವರ್ಷಗಟ್ಟಲೆ ಇಡೀ ಪ್ರವಾಸಿ ಜನಸ್ತೋಮವನ್ನು ಜೀರ್ಣಿಸಿಕೊಂಡು ಒಂದು ಗೇಣೂ ತುಂಬಲಿಲ್ಲವೆಂದರೆ ಅವನು ಮೀಸೆ ತಿರುವದೆ ಇರುತ್ತಾನೆಯೇ? ನೆಂಟರು ಬಂದರೆ ಗುಹೆಗಿಂತ ಮೊದಲು ಗುಂಡಿಯ ಮುಚ್ಚಳ ಸರಿಸಿ ತೋರಿಸುತ್ತಿದ್ದ.

ಅಷ್ಟೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ. ಹೋದದ್ದರ ಚಿಂತೆ ಯಾಕೆ ಎಂಬುದು ಈ ಒಂದು ವಿಷಯದಲ್ಲಿ ಊರಿಗೆ ಊರೇ ಒಪ್ಪಿಕೊಂಡ ವೇದಾಂತ.

ಗುಡ್ಡದ ಬುಡದಲ್ಲಿ, ನಮ್ಮ ಕೆಳಬೀದಿಯ ತುದಿಗೆ, ಬಂಡೆಯ ಕೆಳಗಿನಿಂದ ಒಂದು ಬುಗ್ಗೆ ಹೊರಡುತ್ತದೆ. ಕೆಳಬೀದಿಯವರೆಲ್ಲ ಅದರ ನೀರನ್ನೇ ಕುಡಿಯುವುದು. ಅದರ ಪಕ್ಕದಲ್ಲೇ ಅಮ್ಮನ ಕ್ಯಾಂಟೀನು: ನಾಲ್ಕು ಮೇಜು, ಚಹಾ, ಬನ್ನು, ಬೇಯಿಸಿದ ಮೊಟ್ಟೆ, ಮತ್ತು ಅಮ್ಮನ ನಾಲಿಗೆ. ಇಲ್ಲಿನ ಜನಕ್ಕೆ ಒಂದು ಕಾಯಿಲೆ ಬಿಟ್ಟೂಬಿಡದೆ ಬರುತ್ತಿತ್ತು. ಅದಕ್ಕೆ ಕೆಳಬೀದಿ ಹೊಟ್ಟೆ ಎಂದೇ ಹೆಸರು. ಬಿಸಿಲು ಎಂದರು, ಕಣ್ಣು ಬಿತ್ತು ಎಂದರು, ಅಮ್ಮನ ಮೊಟ್ಟೆ ಎಂದೂ ಒಬ್ಬ ಹೇಳಿ ಕ್ಯಾಂಟೀನಿನಿಂದ ಆಚೆ ಹಾಕಿಸಿಕೊಂಡ. ನೀರು ಎಂದು ಮಾತ್ರ ಯಾರೂ ಹೇಳಲಿಲ್ಲ. ಕನ್ನಡಿಯಂಥ ನೀರಿನ ಮೇಲೆ ಯಾರಿಗೆ ಅನುಮಾನ ಬರುತ್ತದೆ?

ನಾನು ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತೇನೆ. ಹಗಲೆಲ್ಲ ನನ್ನ ಮಗಳನ್ನು ಅಮ್ಮ ಕ್ಯಾಂಟೀನಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. ಆಗ ಅವಳಿಗೆ ಒಂದೂವರೆ ವರ್ಷ. ಎಲ್ಲರೂ ಪಾಪು ಎನ್ನುತ್ತಿದ್ದರು. ಉಣ್ಣಿಸಿದರೂ ಮೈ ಹತ್ತುತ್ತಿರಲಿಲ್ಲ. ಚಹಾ ಕುಡಿಯಲು ಬಂದವರೆಲ್ಲ, ಇನ್ನೂ ಇಷ್ಟೇ ಇದೆಯಲ್ಲ ಎಂದು ಅದರ ತೋಳು ಹಿಡಿದು ನೋಡುವರು. ಅಮ್ಮ ಅವರಿಗೆ ತಿರುಗೇಟು ಕೊಡುತ್ತಿದ್ದಳು, ಒಳಗೆ ಕೊರಗುತ್ತಿದ್ದಳು. ಆ ಕೊರಗು ನನಗೆ ಕಂಡಿತ್ತು. ಅದು ಅವಳನ್ನು ಎಲ್ಲಿಗೆ ಒಯ್ಯುತ್ತದೆ ಎಂದು ಮಾತ್ರ ಕಾಣಲಿಲ್ಲ.

ಒಂದು ಭಾನುವಾರ ಮಾವ ಜನರನ್ನು ಕರೆದುಕೊಂಡು ಬಾನಿಯ ಬಳಿ ಹೋಗಿ ಟಾರ್ಚು ಬಿಟ್ಟರೆ ನೀರು ನೀಲಿ. ತಿಳಿ ನೀಲಿ, ಅಂಚಿನಲ್ಲಿ ಸ್ವಲ್ಪ ನೊರೆ. ಬೇರೆ ಗೈಡಾಗಿದ್ದರೆ ಬೆಚ್ಚಿಬಿದ್ದು ಹಿಂದೆ ಸರಿಯುತ್ತಿದ್ದ. ಮಾವ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಕಥೆ ಸಿದ್ಧಮಾಡಿದ.

"ನೀವು ಅದೃಷ್ಟವಂತರು. ಗುಡ್ಡದ ಹೊಟ್ಟೆಯಲ್ಲಿ ಒಂದು ನೀಲಿಕಲ್ಲಿದೆ, ಅದು ಬೆವತಾಗ ಹೀಗೆ ಬರುತ್ತೆ. ಬಡಕಲಾದವರು ಕುಡಿದ್ರೆ ಮೈ ತುಂಬ್ಕೋತಾರೆ, ಮೈ ತುಂಬಿದವರು ಕುಡಿದ್ರೆ ಇಳೀತಾರೆ."

"ನಿಂಬೆಹಣ್ಣಿನ ವಾಸನೆ ಬರ್ತಿದೆಯಲ್ಲ?" ಎಂದು ಒಬ್ಬಳು ಕೇಳಿದಳು.

"ಅದೇ ಅದರ ಗುರುತು" ಎಂದು ಮಾವ ಮೊದಲ ಲೋಟ ಕುಡಿದ.

ಮುಂದಿನ ವಾರ ಊರಿಗೆ ಊರೇ ಗುಹೆಯ ಬಾಯಲ್ಲಿತ್ತು. ಬಾಟಲಿ, ಕ್ಯಾನು, ಒಬ್ಬರ ಕೈಯಲ್ಲಿ ಬಕೆಟ್ಟು. ಕಂಡವರೆಲ್ಲ ಮಾವನಿಗೆ ನಮಸ್ಕಾರ ಮಾಡತೊಡಗಿದರು. ಅಧ್ಯಕ್ಷರು ಮೊದಲ ಬಾರಿಗೆ ಅವನನ್ನು ಕೂತುಕೋ ಎಂದರು. ಅಮ್ಮ ಮಾತ್ರ ಕ್ಯಾಂಟೀನಿನಲ್ಲಿ ಎಲ್ಲರೆದುರು, "ನಮ್ಮಣ್ಣ ಊರಿಗೆಲ್ಲ ಕಿವಿ ಮೇಲೆ ಹೂ ಇಡ್ತಿದ್ದಾನೆ, ನೀವೂ ಬಗ್ಗಿ ಬಗ್ಗಿ ಇಡಿಸ್ಕೋತಿದೀರ" ಎಂದು ಮೂಗು ಮುರಿದಳು. ಹಾಗೆ ಮೂಗು ಮುರಿದವಳು, ನೀಲಿ ಇದ್ದ ಒಂದು ದಿನ, ನೋಯುವ ಮಂಡಿ ಹಿಡಿದುಕೊಂಡು ಗುಡ್ಡ ಹತ್ತಿ, ಯಾರಿಗೂ ಹೇಳದೆ ಒಂದು ಬಾಟಲಿ ತುಂಬಿಸಿಕೊಂಡು ಬಂದಳು. ಬಡಕಲಾದವರು ಮೈ ತುಂಬ್ಕೋತಾರೆ ಎಂಬ ಒಂದು ಮಾತು ಅವಳಿಗೆ ತಗುಲಿತ್ತು. ಮಳೆಯನ್ನು ನಂಬದವಳು ಇದನ್ನು ನಂಬಿದಳು. ಪಾಪುವಿನ ಹಾಲಿಗೆ ದಿನವೂ ಒಂದು ಚಮಚ ಬೆರೆಸತೊಡಗಿದಳು.

ಪಾಪುವಿಗೆ ಭೇದಿ ಶುರುವಾಯಿತು. ನಾನು ಹಲ್ಲು ಬರುತ್ತಿದೆ ಎಂದುಕೊಂಡೆ. ಅಮ್ಮ ಒಳಗಿನ ಕೆಟ್ಟದ್ದೆಲ್ಲ ಹೋಗುತ್ತಿದೆ ಎಂದುಕೊಂಡು ಚಮಚ ಎರಡು ಮಾಡಿದಳು.

ಅತ್ತ ಮಾವನಿಗೆ ಬೇರೆಯದೇ ತಲೆನೋವು. ನೀಲಿ ಒಂದು ದಿನ ಬಂದರೆ ನಾಲ್ಕು ದಿನ ನಾಪತ್ತೆ. ದೂರದಿಂದ ಬಂದವರು ಬರೀ ನೀರು ಕಂಡು ಗೊಣಗುವರು. ಯಾವ ದಿನ ನೀಲಿ ಎಂದು ಮೊದಲೇ ಬೋರ್ಡು ಹಾಕಿಬಿಟ್ಟರೆ ತನ್ನ ಹೆಸರು ಇನ್ನೂ ಮೇಲಕ್ಕೆ ಹೋಗುತ್ತದೆ ಎಂದು ಅವನಿಗೆ ಹೊಳೆಯಿತು. ಚಂದ್ರನನ್ನು ನೋಡಿದ, ಮೋಡ ನೋಡಿದ, ತಾಳೆಯಾಗಲಿಲ್ಲ. ಬೆಳಗ್ಗೆ ಎಲ್ಲರಿಗಿಂತ ಮೊದಲು ಗುಡ್ಡಕ್ಕೆ ಬರುವವಳು ಕಕ್ಕಸು ತೊಳೆಯುವ ಪೊರಕೆಯಕ್ಕ. ಅವಳಿಗೇನಾದರೂ ಸೂಚನೆ ಕಂಡಿರಬಹುದು ಎಂದು ಅವಳ ಹತ್ತಿರ ಹೋದ.

"ನೀಲಿ ಬರೋ ದಿನ ಬೆಳಗ್ಗೆ ಏನಾದ್ರೂ ವಿಶೇಷ ನೋಡಿದೀಯೇನಕ್ಕ? ಹಕ್ಕಿ ಕೂಗೋದು, ಗಾಳಿ, ಏನಾದ್ರೂ?"

"ಹಕ್ಕಿ ನೋಡ್ತಾ ಕೂತ್ರೆ ಕಕ್ಕಸು ಯಾರು ತೊಳೀತಾರೆ?" ಎಂದಳು ಪೊರಕೆಯಕ್ಕ. "ಆ ದಿನ ಕೆಲಸ ಜಾಸ್ತಿ ಇರುತ್ತೆ, ಅಷ್ಟೆ. ದೊಡ್ಡವರು ಬರ್ತಾರೆ ಅಂದ್ರೆ ಇಡೀ ಕ್ಯಾನು ಸುರಿದುಬಿಡು ಅಂತ ಅಧ್ಯಕ್ಷರು ಹೇಳಿದ್ದಾರೆ."

"ಯಾವ ಕ್ಯಾನು?"

ಅವಳು ಮೂಲೆಯಿಂದ ಎತ್ತಿ ಕೊಟ್ಟಳು. ಕಕ್ಕಸು ತೊಳೆಯುವ ಹೊಸ ದ್ರಾವಣ. ಮೇಲೆ ನಿಂಬೆಹಣ್ಣಿನ ಚಿತ್ರ. ಮಾವ ಮುಚ್ಚಳ ತೆಗೆದು ಮೂಸಿದ. ಒಳಗೆ ಬಗ್ಗಿ ನೋಡಿದ. ಆಮೇಲೆ ಗೋಡೆ ಹಿಡಿದುಕೊಂಡು ಉಗುಳಿದ, ಬಾಯಿ ಮುಕ್ಕಳಿಸಿದ, ಮತ್ತೆ ಉಗುಳಿದ. ಒಂದು ತಿಂಗಳಲ್ಲಿ ಅವನಷ್ಟು ನೀಲಿ ನೀರು ಕುಡಿದವರು ಬೇರೆ ಯಾರೂ ಇರಲಿಲ್ಲ. ತಾನು ಬಡಿದಾಡಿ ಕಟ್ಟಿಸಿದ ಕಕ್ಕಸು, ತಾನು ಮೆರೆಸಿದ ಗುಂಡಿ, ತಾನು ಹಿಡಿದ ಲೋಟ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆ ಇಷ್ಟು ಚಾಚೂ ತಪ್ಪದೆ ಅನ್ವಯವಾದ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಮುಂದಿನದನ್ನು ನೆನೆದರೆ ಬರುವುದಿಲ್ಲ.

ಮಾವ ನೆಟ್ಟಗೆ ಕ್ಯಾಂಟೀನಿಗೆ ಬಂದ. ಬಾನಿ ತುಂಬಿ ಹರಿದದ್ದು ಬುಗ್ಗೆಗೇ ಇಳಿಯುವುದು, ಆ ನೀರು ಕುಡಿಯಬೇಡ ಎಂದು ತಂಗಿಗೆ ಹೇಳುವುದಷ್ಟೇ ಅವನ ತಲೆಯಲ್ಲಿತ್ತು. ಅವನ ಕಣ್ಣಿಗೆ ಬಿದ್ದದ್ದು ಚಹಾಪುಡಿಯ ಡಬ್ಬದ ಪಕ್ಕದಲ್ಲಿ ಇದ್ದ ನೀಲಿ ಬಾಟಲಿ.

"ಇದನ್ನ ಯಾಕೆ ಇಟ್ಕೊಂಡಿದೀಯ? ಚೆಲ್ಲು ಇದನ್ನ."

"ಯಾಕೆ ಚೆಲ್ಲಲಿ? ಮಂಡಿ ಸವೆಸ್ಕೊಂಡು ತಂದಿದೀನಿ."

"ಇದು ಕಕ್ಕಸಿನ ನೀರು ಕಣೇ. ನಮ್ಮ ಗುಂಡೀದು. ನೇರ ಬಾನಿಗೆ ಇಳೀತಿದೆ. ನಾನು ಹೇಳಿದ್ದೆಲ್ಲ ಸುಳ್ಳು."

ಅಮ್ಮ ಬಾಟಲಿಯನ್ನು ಕಸಿದುಕೊಂಡು ಬೆನ್ನ ಹಿಂದೆ ಇಟ್ಟುಕೊಂಡಳು. "ಹುಟ್ಟಿದಾಗಿನಿಂದ ನಿನ್ನ ಒಂದು ಮಾತೂ ನಂಬಿದವಳಲ್ಲ ನಾನು. ಇದೊಂದನ್ನ ನಂಬಿದೀನಿ. ಇದನ್ನೂ ಕಿತ್ಕೊಳ್ಳೋಕೆ ಬಂದ್ಯಾ? ಟಿಕೆಟ್ಟು ತಗೊಳ್ಳೋರಿಗೆ ನೀರು ಸಾಲ್ತಿಲ್ಲ ಅಂತ ತಂಗಿ ಮನೆ ಬಾಟಲಿಗೆ ಕಣ್ಣು ಹಾಕ್ತೀಯಾ?"

ಮಾವ ಆಣೆ ಮಾಡಿದ. ಅವನ ಆಣೆಗಳ ಬೆಲೆ ಅವಳಿಗೆ ಗೊತ್ತಿತ್ತು. ಕೈ ಮುಗಿದ. ಅದನ್ನೂ ಅವಳು ಕಂಡಿದ್ದಳು. ಕೊನೆಗೆ ಅವನು, "ಹಾಗಾದ್ರೆ ನನ್ನ ಮಾತು ಬೇಡ, ಬಂದು ನೋಡು" ಎಂದ. ಪಾಪುವನ್ನು ಅಲ್ಲೇ ಇದ್ದ ಅತ್ತೆಯ ಕೈಗೆ ಕೊಟ್ಟು ಅಮ್ಮ ಅವನ ಹಿಂದೆ ಗುಡ್ಡ ಹತ್ತಿದಳು. ಪಾಪುವಿಗೂ ಆ ನೀರು ಹೋಗುತ್ತಿದೆ ಎಂದು ಅವಳು ಬಾಯಿಬಿಡಲಿಲ್ಲ. ಬಿಟ್ಟಿದ್ದರೆ ಅವನು ಗುಡ್ಡ ಹತ್ತಿಸುತ್ತಲೇ ಇರಲಿಲ್ಲ.

ಮೊದಲು ಅವಳನ್ನು ಬಾನಿಯ ಹತ್ತಿರ ಕರೆದೊಯ್ದು ನೀರು ತಿಳಿಯಾಗಿರುವುದನ್ನು ತೋರಿಸಿದ. ಆಮೇಲೆ ಮೇಲೆ ಬಂದು, ಅವಳ ಕಣ್ಣೆದುರಿಗೇ ಪೊರಕೆಯಕ್ಕನ ಕ್ಯಾನನ್ನು ಕಕ್ಕಸಿಗೆ ಸುರಿದು, ಬಕೆಟ್ಟಿನ ಮೇಲೆ ಬಕೆಟ್ಟು ನೀರು ಹೊಯ್ದ. ಗುಡ್ಡ ಗುಟುಕ್ ಎಂದಿತು. ಮತ್ತೆ ಇಬ್ಬರೂ ಒಳಗಿಳಿದು ಬಾನಿಯ ಪಕ್ಕ ಕಲ್ಲಿನ ಮೇಲೆ ಕೂತರು.

ಅಲ್ಲಿ ಕೂತಷ್ಟು ಹೊತ್ತು ಮಾವ ತುಟಿ ಪಿಟಕ್ಕೆನ್ನಲಿಲ್ಲವಂತೆ. ಅಮ್ಮ ಈಗಲೂ ಹೇಳುವುದು ಇದನ್ನೇ. ಅವಳಿಗೆ ಮೊದಲು ಹೆದರಿಕೆಯಾದದ್ದು ನೀರು ನೋಡಿಯಲ್ಲ, ಅಣ್ಣ ಸುಮ್ಮನಿರುವುದನ್ನು ನೋಡಿ. ತೊಟ್ಟು ಬೀಳುತ್ತಿತ್ತು. ಬೀಳುತ್ತಲೇ ಇತ್ತು. ನೂರು ವರ್ಷ ಬೇಕು ಎಂದಿದ್ದ ನೀರು ಮಧ್ಯಾಹ್ನದ ಚಹಾದ ಹೊತ್ತಿಗೆ ಬಂತು. ಮೊದಲು ಒಂದು ಎಳೆ, ಆಮೇಲೆ ಬಾನಿಯ ತುಂಬ, ನಿಂಬೆಹಣ್ಣಿನ ವಾಸನೆಯ ಜೊತೆಗೆ.

ಅಮ್ಮ ಅದನ್ನು ನೋಡಿದಳು. ಬೆರಳು ಅದ್ದಿಯೂ ನೋಡಿದಳು.

"ಪಾಪುಗೂ ಕೊಟ್ಟಿದೀನಿ" ಎಂದಳು.

ಆ ಮೆಟ್ಟಿಲುಗಳನ್ನು ಅವರು ಹೇಗೆ ಹತ್ತಿದರೋ, ಗುಡ್ಡವನ್ನು ಹೇಗೆ ಇಳಿದರೋ, ಇಬ್ಬರಿಗೂ ನೆನಪಿಲ್ಲ. ಕ್ಯಾಂಟೀನಿನಲ್ಲಿ ಪಾಪು ಅತ್ತೆಯ ತೊಡೆಯ ಮೇಲೆ ಕಣ್ಣು ಒಳಗೆ ಹೋಗಿ, ಅಳಲೂ ಆಗದೆ ಮಲಗಿತ್ತು. ಮಾವ ಅದನ್ನು ಎತ್ತಿಕೊಂಡು ಓಡಿದ. ನನಗೆ ಸುದ್ದಿ ಬಂದಾಗ ನಾನು ಒಂದು ಅಂಗಿಗೆ ಕಾಲರು ಕೂರಿಸುತ್ತಿದ್ದೆ. ಆಸ್ಪತ್ರೆಯ ಬಾಗಿಲಲ್ಲೇ ಇಬ್ಬರಿಗೂ ಬಾಯಿಗೆ ಬಂದಂತೆ ಬೈದೆ. ಮುದಿ ಸುಳ್ಳ ಎಂದೆ. ಅಮ್ಮನಿಗೆ, ನಿನ್ನ ಬುದ್ಧಿ ಎಲ್ಲಿಗೆ ಹೋಗಿತ್ತು ಎಂದೆ. ಅಮ್ಮನ ನಾಲಿಗೆ ಎಂಥದ್ದೆಂದು ಊರಿಗೆಲ್ಲ ಗೊತ್ತು. ಅವತ್ತು ಅವಳು ಒಂದು ಮಾತೂ ಎದುರಾಡಲಿಲ್ಲ. ಅದನ್ನು ನೋಡಿ ನನಗೆ ಇನ್ನೂ ಅಳು ಬಂತು.

ಸಣ್ಣ ಕೈಗೆ ಸೂಜಿ ಚುಚ್ಚಿ ಮೇಲೆ ಬಾಟಲಿ ತೂಗುಹಾಕಿದರು. ಮಾವ ಸ್ಟೂಲಿನ ಮೇಲೆ ಕೂತು ಅದರ ತೊಟ್ಟುಗಳನ್ನೇ ನೋಡುತ್ತಿದ್ದ. ನೋಡುವ ಅಭ್ಯಾಸ ಅವನಿಗಿತ್ತು. ನಡುವೆ ಒಮ್ಮೆ ನಿಂತಾಗ ನರ್ಸಿಗಿಂತ ಮೊದಲು ಕಂಡವನೂ ಅವನೇ. ಡಾಕ್ಟರು ಕಥೆಯನ್ನೆಲ್ಲ ಕೇಳಿ, "ನೀಲಿಯಿಂದ ಇಷ್ಟಾಗಲ್ಲ, ಅದರ ಜೊತೆ ಏನು ಬಂತೋ ಅದರಿಂದ ಆಗಿದ್ದು. ನೀಲಿ ಇಲ್ಲದ ದಿನವೂ ಅದು ಬರ್ತಾನೇ ಇತ್ತು, ಬುಗ್ಗೆಗೂ ಬರ್ತಿತ್ತು. ಮರಳು ಸೋಸುತ್ತೆ, ಸುಣ್ಣಕಲ್ಲು ಸೋಸಲ್ಲ, ಸುಮ್ನೆ ದಾರಿ ಬಿಡುತ್ತೆ" ಎಂದರು. ಕೆಳಬೀದಿ ಹೊಟ್ಟೆಗೆ ಅಂದು ವಿಳಾಸ ಸಿಕ್ಕಿತು. ಊರಿನ ಗುಟುಕ್ ಎನ್ನುವ ಗುಂಡಿಗಳೆಲ್ಲ ಸೇರಿ ನಮಗೆ ಕುಡಿಸುತ್ತಿದ್ದವು.

ಪಾಪು ಉಳಿಯಿತು. ಆಸ್ಪತ್ರೆಯ ಮಂಚದ ಮೇಲೆ ಎದ್ದು ಕೂತು ಮಾವನ ಮೂಗು ಹಿಡಿದೆಳೆದ ದಿನ ಮಾವ ಹೊರಗೆ ಹೋಗಿ ಅತ್ತು ಬಂದ. ಕಣ್ಣಿಗೆ ಧೂಳು ಬಿತ್ತು ಎಂದ. ಅದೊಂದು ರೈಲನ್ನು ನಾವು ತಡೆಯಲಿಲ್ಲ.

ಮಾವ ಗುಹೆ ಸಮಿತಿಗೆ ಹೋಗಿ, ಕಕ್ಕಸು ಮುಚ್ಚಬೇಕು, ಬಾನಿ ನೀರು ಕುಡಿಸುವುದು ನಿಲ್ಲಿಸಬೇಕು, ಊರಿಗೆ ಸಾರಿ ಹೇಳಬೇಕು ಎಂದ. ಅಧ್ಯಕ್ಷರು ಬಹಳ ಯೋಚಿಸಿ ಒಂದು ಪರಿಹಾರ ಸೂಚಿಸಿದರು.

"ನೀಲಿ ದ್ರಾವಣ ನಿಲ್ಲಿಸೋಣ. ಬಣ್ಣ ಇಲ್ಲದ್ದು ಸಿಗುತ್ತೆ, ಅದನ್ನ ತರಿಸೋಣ. ನೀನು ನೀಲಿಕಲ್ಲು ಒಣಗಿತು ಅಂತ ಒಂದು ಕಥೆ ಹೇಳಿಬಿಡು. ನಿನಗೇನು, ಹೇಳಿಕೊಡ್ಬೇಕಾ?"

ಅವರ ಮನೆಯ ಗುಂಡಿ ಊರಿನಲ್ಲೇ ಅತಿ ಜೋರಾಗಿ ಗುಟುಕ್ ಎನ್ನುವಂಥದ್ದು. ಅಂಥ ಸುಳ್ಳನ್ನು ಯಾರಾದರೂ ಮೊದಲೇ ಮಡಿಸಿ ಕೈಗಿಟ್ಟಿದ್ದರೆ ಹಳೆಯ ಮಾವ ಕುಣಿದಾಡಿಬಿಡುತ್ತಿದ್ದ. ಈಗ ಅವನು, "ನನ್ನ ಹತ್ರ ಸುಳ್ಳು ತೀರಿಹೋಗಿದೆ ಸ್ವಾಮಿ" ಎಂದು ಹೇಳಿ ಎದ್ದುಬಂದ. ಅಮ್ಮನಿಗೆ ಇದು ತಲುಪಿದಾಗ, "ಉಪ್ಪು ತಿಂದವನು ನೀರು ಕುಡೀಲೇಬೇಕು ಅಂತಾರೆ, ಇವರು ನೀರನ್ನೂ ನಮಗೇ ಕುಡಿಸ್ತಿದಾರೆ" ಎಂದಳು. ಅವಳ ನಾಲಿಗೆ ವಾಪಸ್ಸು ಬಂದದ್ದು ಕಂಡು ನನಗೆ ಸಮಾಧಾನವಾಯಿತು.

ಆ ಭಾನುವಾರವೂ ಜನ ನೀಲಿ ನೀರಿಗೆಂದು ಕಿಕ್ಕಿರಿದಿದ್ದರು. ಪಾಪುವನ್ನು ಅತ್ತೆಯ ಹತ್ತಿರ ಬಿಟ್ಟು ನಾನೂ ಹೋಗಿದ್ದೆ. ಮಾವ ಅವರನ್ನು ಗುಹೆಗೆ ಕರೆದೊಯ್ಯಲಿಲ್ಲ. ಮೊದಲು ಕಕ್ಕಸಿಗೆ ಕರೆದೊಯ್ದ. ಗುಂಡಿಯ ಮುಚ್ಚಳ ಸರಿಸಿ, ನೀರು ಸುರಿದು, ಗುಟುಕ್ ಕೇಳಿಸಿದ. ಆಮೇಲೆ ಒಳಗಿಳಿಸಿ, ಅತ್ತೆ-ಸೊಸೆಯನ್ನು ಪರಿಚಯಿಸದೆ, ಬಿಸ್ಕತ್ತು ತೋರಿಸದೆ, ಸೀದಾ ಬಾನಿಯ ಮುಂದೆ ನಿಲ್ಲಿಸಿ, "ಮೇಲೆ ಹೋದದ್ದು ಇಲ್ಲಿಗೆ ಬರುತ್ತೆ. ಇಲ್ಲಿಂದ ಕೆಳಬೀದಿಗೆ ಹೋಗುತ್ತೆ. ನೀಲಿಕಲ್ಲು ಇಲ್ಲ. ನೂರು ವರ್ಷವೂ ಇಲ್ಲ. ಅದೆಲ್ಲ ನಾನೇ ಕಟ್ಟಿದ ಕಥೆ. ದಯವಿಟ್ಟು ಕುಡೀಬೇಡಿ" ಎಂದ.

ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ರೈಲುಮಾವ ಬಿಟ್ಟ ರೈಲುಗಳಲ್ಲೆಲ್ಲ ಇದೇ ಉದ್ದದ್ದು ಎಂದರು. ಹಿಂದಿನಿಂದ ಒಬ್ಬ ಚಪ್ಪಾಳೆ ತಟ್ಟಿದ. ಮಾವ ಮತ್ತೆ ಹೇಳಿದ. ಮತ್ತೆ ನಕ್ಕರು. ಅವನ ಮುಖ ನೋಡಲಾಗಲಿಲ್ಲ ನನಗೆ. ಬಾಯಿ ಬಡಿದುಕೊಂಡು ಬಾಳಿದ ಮನುಷ್ಯನ ಬಾಯಿಗೆ, ಬೇಕಾದ ಒಂದು ದಿನ, ಬೆಲೆ ಇರಲಿಲ್ಲ. ಹೆಗಲ ಮೇಲೆ ಮಗುವನ್ನು ಕೂರಿಸಿಕೊಂಡಿದ್ದ ಒಬ್ಬ ಮುಂದೆ ಬಂದು, ಮಾವನ ಸೊಂಟದಲ್ಲಿದ್ದ ಲೋಟವನ್ನು ತಾನೇ ಎಳೆದುಕೊಂಡು, "ಆಯ್ತು ಮಾವ, ಕಥೆ ಚೆನ್ನಾಗಿತ್ತು" ಎಂದು ಬಾನಿಗೆ ಬಗ್ಗಿ ತುಂಬಿಸಿದ.

"ಲೋಟ ಕೆಳಗಿಡಿ."

ಅಮ್ಮ. ಅವಳು ಬಂದದ್ದನ್ನು ನಾನೂ ನೋಡಿರಲಿಲ್ಲ. ಕ್ಯಾಂಟೀನಿಗೆ ಬೀಗ ಹಾಕಿ, ಮಂಡಿ ಹಿಡಿದುಕೊಂಡು ಹತ್ತಿ, ಜನರ ಹಿಂದೆ ಕತ್ತಲಲ್ಲಿ ನಿಂತಿದ್ದಳು. ಈಗ ದಾರಿ ಬಿಡಿಸಿಕೊಂಡು ಮುಂದೆ ಬಂದು ಮಾವನ ಪಕ್ಕ ನಿಂತಳು.

"ಇವನು ನಮ್ಮಣ್ಣ. ಇವನಷ್ಟು ಸುಳ್ಳ ಈ ಊರಲ್ಲಿ ಇನ್ನೊಬ್ಬನಿಲ್ಲ, ಅದನ್ನ ನನಗಿಂತ ಚೆನ್ನಾಗಿ ಬಲ್ಲವರೂ ಇಲ್ಲ. ಒಂದೇ ಒಂದ್ಸಲ ನಂಬಿದೆ. ನಂಬಿ, ಈ ನೀರನ್ನ ನನ್ನ ಕೈಯಾರೆ ನನ್ನ ಮೊಮ್ಮಗುಗೆ ಕುಡಿಸಿದೆ. ಆಸ್ಪತ್ರೇಲಿ ಅದರ ಕೈಗೆ ಸೂಜಿ ಚುಚ್ಚೋಕೆ ಬೇಗ ನರವೇ ಸಿಗ್ಲಿಲ್ಲ. ಈಗ ಅವನು ಹೇಳ್ತಿರೋದು ನಿಜ. ನಾನು ನೋಡಿದೀನಿ."

ಯಾರೂ ನಗಲಿಲ್ಲ. ಆ ಮನುಷ್ಯ ಲೋಟವನ್ನು ಕಲ್ಲಿನ ಮೇಲೆ ಇಟ್ಟು, ಹೆಗಲ ಮೇಲಿನ ಮಗುವನ್ನು ಇಳಿಸಿ ಎದೆಗೆ ಎತ್ತಿಕೊಂಡ. ಜನ ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿದರು. ಕೆಳಬೀದಿಯವರು ಕೆಲವರು ಸೀದಾ ಅಧ್ಯಕ್ಷರ ಮನೆಯ ಕಡೆ ಹೋದದ್ದು, ಕಕ್ಕಸಿಗೆ ಅದೇ ದಿನ ಬೀಗ ಬಿದ್ದದ್ದು, ಆಮೇಲೆ ತಳಕ್ಕೆ ಸಿಮೆಂಟು ಹಾಕಿದ ಗುಂಡಿ ಬೇರೆ ಕಡೆ ಬಂದದ್ದು, ಅದು ಮೊದಲ ಸಲ ತುಂಬಿದಾಗ ಮಾವ ನೆಂಟರನ್ನೆಲ್ಲ ಕರೆದು ತೋರಿಸಿದ್ದು, ಇವೆಲ್ಲ ಬೇರೆ ಕಥೆ. ಊರಿನ ಉಳಿದ ಗುಂಡಿಗಳ ಮಾತು ಇನ್ನೂ ಜಗಳದಲ್ಲಿದೆ. ಅಮ್ಮ ಮಾತ್ರ ಭಾನುವಾರ ಕ್ಯಾಂಟೀನು ತೆರೆಯುವುದಿಲ್ಲ. ಬಾನಿಯ ಹತ್ತಿರ ಒಂದು ಸ್ಟೂಲು ಹಾಕಿಕೊಂಡು ಕೂರುತ್ತಾಳೆ.

ಅವತ್ತು ಎಲ್ಲರೂ ಹೋದ ಮೇಲೆ ನಾವು ಮೂವರೇ ಉಳಿದೆವು. ಮಾವ ಲೋಟವನ್ನು ಬೋರಲು ಹಾಕಿದ. ಅಮ್ಮ ಹೊರಡಲು ಗೋಡೆ ಹಿಡಿದು ಕಾಲು ಎತ್ತಿದಳು.

"ಆ ಮೆಟ್ಟಿಲು ಒದ್ದೆಯಿದೆ" ಎಂದ ಮಾವ.

ಬಲ್ಬಿನ ಬೆಳಕು ಅಲ್ಲಿಗೆ ಬೀಳುತ್ತಿರಲಿಲ್ಲ. ಅಮ್ಮ ಬಗ್ಗಿ ನೋಡಲಿಲ್ಲ, ಕೈ ಚಾಚಿ ಮುಟ್ಟಿಯೂ ನೋಡಲಿಲ್ಲ. ಕಾಲನ್ನು ಆಚೆ ಮೆಟ್ಟಿಲಿಗೆ ಇಟ್ಟು ಹತ್ತಿದಳು.